ಬೇಸಿಗೆಯಲ್ಲಿ ಸ್ವೀಡನ್ನಿಗೆ ಹೋಗಿ ಸ್ವೀಡಿಷ್ ಕಲಿಯುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಸ್ವೀಡನ್ನಿನಲ್ಲಿ ಬೇಸಿಗೆಯೆಂದರೆ ಜೂನ್‌ನಿಂದ ಆಗಸ್ಟ್‌ವರೆಗಿನ ಮೂರು ತಿಂಗಳು. ವಿದೇಶೀಯರಿಗಾಗಿ ನಡೆಯುವ ಅಲ್ಪಾವಧಿಯ ಭಾಷಾ ಕೋರ್ಸುಗಳಲ್ಲಿ ಹೆಚ್ಚಿನವು ಈ ತಿಂಗಳುಗಳಲ್ಲೇ ಇರುತ್ತವೆ. ಹಗಲು ದೀರ್ಘವಾಗಿರುತ್ತದೆ, ಹವೆ ಹಿತವಾಗಿರುತ್ತದೆ, ಹಬ್ಬಗಳೂ ಆಗಲೇ ಬರುತ್ತವೆ. ಆದರೆ ಕೋರ್ಸಿನ ಜಾಹೀರಾತುಗಳು ಎದ್ದು ಕಾಣುವಂತೆ ಹೇಳದ ಒಂದು ಸಂಗತಿಯಿದೆ. ಅಲ್ಲಿನ ಕಾನೂನಿನಂತೆ ನೌಕರರಿಗೆ ವರ್ಷಕ್ಕೆ ಕನಿಷ್ಠ 25 ದಿನಗಳ ರಜೆ ಸಿಗುತ್ತದೆ. ಅದರಲ್ಲಿ ನಾಲ್ಕು ವಾರಗಳನ್ನು ಜೂನ್–ಆಗಸ್ಟ್ ಅವಧಿಯಲ್ಲಿ ಒಟ್ಟಿಗೆ ತೆಗೆದುಕೊಳ್ಳುವ ಹಕ್ಕೂ ಇದೆ. ಆದ್ದರಿಂದ ಜುಲೈ ಬಂತೆಂದರೆ ನಗರದ ಜನ ಹಳ್ಳಿಯ ಬೇಸಿಗೆ ಮನೆಗಳಿಗೋ ದ್ವೀಪಗಳಿಗೋ ಹೊರಟುಬಿಡುತ್ತಾರೆ, ಸಣ್ಣ ಅಂಗಡಿಗಳು ಬಾಗಿಲಿಗೆ ಚೀಟಿ ಅಂಟಿಸಿ ಮುಚ್ಚುತ್ತವೆ, ಕಚೇರಿಗಳಲ್ಲಿ ಅರ್ಧದಷ್ಟು ಕುರ್ಚಿಗಳು ಖಾಲಿಯಿರುತ್ತವೆ. ಉಳಿದವರಿಗೆ ಇಂಗ್ಲಿಷ್ ಎಷ್ಟು ಸಲೀಸೆಂದರೆ, ನೀವು ಸ್ವೀಡಿಷ್‌ನಲ್ಲಿ ಒಮ್ಮೆ ತಡವರಿಸಿದರೆ ಸಾಕು, ಉತ್ತರ ಇಂಗ್ಲಿಷ್‌ನಲ್ಲೇ ಬರುತ್ತದೆ. ಹಾಗಾಗಿ ಕೋರ್ಸು ಆರಿಸುವಾಗ ಪಠ್ಯಕ್ರಮ, ಶುಲ್ಕಗಳಿಗಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮಧ್ಯಾಹ್ನ ತರಗತಿ ಮುಗಿದ ಮೇಲೆ ನಾನು ಯಾರೊಡನೆ ಸ್ವೀಡಿಷ್ ಮಾತನಾಡುತ್ತೇನೆ? ಮುಂದಿನ ಹಂತಗಳನ್ನೆಲ್ಲ ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ವಿವರಿಸಲಾಗಿದೆ.

ಮೊದಲು ನಿಮ್ಮ ಮಟ್ಟವನ್ನು ಗೊತ್ತುಮಾಡಿಕೊಳ್ಳಿ

ಯುರೋಪಿನ ಭಾಷಾ ಕೋರ್ಸುಗಳೆಲ್ಲ ಎ1ರಿಂದ ಸಿ2ವರೆಗಿನ ಆರು ಮಟ್ಟಗಳ ಅಳತೆಯನ್ನು ಬಳಸುತ್ತವೆ. ಮೂರು ನಾಲ್ಕು ವಾರಗಳ ಬೇಸಿಗೆ ಕೋರ್ಸಿನಲ್ಲಿ ಒಂದು ಇಡೀ ಮಟ್ಟವನ್ನು ದಾಟುವುದು ಶ್ರದ್ಧೆಯುಳ್ಳವರಿಗೂ ಕಷ್ಟ. ಅರ್ಧ ಮಟ್ಟ ಮೇಲೇರಿದರೆ ಅದು ಒಳ್ಳೆಯ ಫಲಿತಾಂಶವೇ. ಏನೂ ಬಾರದ ಸ್ಥಿತಿಯಲ್ಲಿ ಅಷ್ಟು ದೂರ ಹೋಗಿ, ವೀಸಾ, ವಿಮಾನ, ವಸತಿಗಳಿಗೆ ಅಷ್ಟೆಲ್ಲ ಹಣ ಸುರಿದು, ಅಂಕಿಗಳನ್ನೂ ವಾರದ ದಿನಗಳನ್ನೂ ಬಾಯಿಪಾಠ ಮಾಡುತ್ತ ಕುಳಿತುಕೊಳ್ಳುವುದು ಜಾಣತನವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಎ1 ಮಟ್ಟವನ್ನು ಊರಿನಲ್ಲೇ ಮುಗಿಸಬಹುದು. ಸ್ವೀಡನ್ ಸರಕಾರದ ಸಂಸ್ಥೆಯಾದ ಸ್ವೀಡಿಷ್ ಇನ್‌ಸ್ಟಿಟ್ಯೂಟ್ 'ಲರ್ನಿಂಗ್ ಸ್ವೀಡಿಷ್' ಎಂಬ ಉಚಿತ ಆನ್‌ಲೈನ್ ಕೋರ್ಸನ್ನು ನಡೆಸುತ್ತಿದ್ದು, ಆರಂಭಿಕರಿಗೆ ಅದು ಸಾಕಾಗುತ್ತದೆ. ಹೊರಡುವ ಮುಂಚಿನ ನಾಲ್ಕೈದು ತಿಂಗಳು ದಿನಕ್ಕೆ ಮುಕ್ಕಾಲು ಗಂಟೆ ಕೊಟ್ಟರೆ ಎ2 ತರಗತಿಯಲ್ಲಿ ಕೂರುವ ಅರ್ಹತೆ ಬರುತ್ತದೆ. ಆಗ ಬೇಸಿಗೆಯ ವಾರಗಳು ಅಕ್ಷರಾಭ್ಯಾಸಕ್ಕೆ ಹೋಗದೆ ಮಾತಿಗೆ ಉಳಿಯುತ್ತವೆ.

ಉದ್ದೇಶವೂ ಸ್ಪಷ್ಟವಿರಲಿ. ಬೆಂಗಳೂರಿನಲ್ಲಿ ವೋಲ್ವೊ, ಎರಿಕ್ಸನ್‌ನಂಥ ಸ್ವೀಡಿಷ್ ಕಂಪನಿಗಳಲ್ಲಿ ದುಡಿಯುವವರು, ಅಲ್ಲಿ ನೆಲೆಸಿರುವ ಸಂಗಾತಿಯ ಬಳಿ ಹೋಗಲಿರುವವರು, ಮುಂದೆ ಸ್ನಾತಕೋತ್ತರ ಪದವಿಗೆ ಸೇರಬೇಕೆಂದಿರುವವರು, ಸಾಹಿತ್ಯಾಸಕ್ತಿಯಿಂದ ಬರುವವರು, ಇವರೆಲ್ಲರಿಗೂ ಒಂದೇ ಕೋರ್ಸು ಹೊಂದುವುದಿಲ್ಲ. ಪ್ರಮಾಣಪತ್ರವೇ ಮುಖ್ಯವೆಂದಾದರೆ ಎ2, ಬಿ1, ಬಿ2 ಮಟ್ಟಗಳಲ್ಲಿ 'ಸ್ವೇಡೆಕ್ಸ್' ಪರೀಕ್ಷೆಯಿದೆ. ಸ್ವೀಡಿಷ್ ಮಾಧ್ಯಮದಲ್ಲಿ ವಿಶ್ವವಿದ್ಯಾಲಯದ ಓದಿಗೆ ಬೇಕಾದ ಭಾಷಾ ಅರ್ಹತೆಯನ್ನು ಅಳೆಯುವ 'ಟಿಸುಸ್' ಪರೀಕ್ಷೆ ಸಿ1ರಷ್ಟು ಎತ್ತರದ್ದು. ಅದನ್ನು ಒಂದು ಬೇಸಿಗೆಯ ಗುರಿಯಾಗಿ ಇಟ್ಟುಕೊಳ್ಳಬೇಡಿ.

ಕೋರ್ಸುಗಳ ಬಗೆಗಳು

ಸುಮಾರಾಗಿ ನಾಲ್ಕು ಬಗೆಯ ದಾರಿಗಳಿವೆ. ವಿಶ್ವವಿದ್ಯಾಲಯಗಳು ನಡೆಸುವ, ಅಂಕ (ಅಂದರೆ ಕ್ರೆಡಿಟ್) ಸಿಗುವ ಕೋರ್ಸುಗಳು ಒಂದು ಬಗೆ. ಸ್ವೀಡನ್ನಿನಲ್ಲಿ ಇಡೀ ವರ್ಷದ ಓದಿಗೆ 60 ಅಂಕ, ಐದು ವಾರಗಳ ಪೂರ್ಣಾವಧಿ ಓದಿಗೆ 7.5 ಅಂಕ ಎಂಬ ಲೆಕ್ಕವಿದ್ದು, ಅದು ಯುರೋಪಿನ ಅಂಕ ಪದ್ಧತಿಗೆ ಸರಿಹೊಂದುತ್ತದೆ. ನೀವು ಈಗಾಗಲೇ ಯಾವುದಾದರೂ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದು ಈ ಅಂಕಗಳನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಬಹುದಾದರೆ ಮಾತ್ರ ಈ ದಾರಿಗೆ ಅರ್ಥವಿದೆ. ಏಕೆಂದರೆ 2011ರಿಂದ ಯುರೋಪಿಯನ್ ಒಕ್ಕೂಟ ಮತ್ತು ಅದಕ್ಕೆ ಹೊಂದಿಕೊಂಡ ದೇಶಗಳ ಹೊರಗಿನ ಪ್ರಜೆಗಳು ಅಲ್ಲಿ ಬೋಧನಾ ಶುಲ್ಕ ಕಟ್ಟಬೇಕು, ಅರ್ಜಿಗೇ 900 ಕ್ರೋನಾ ಪ್ರತ್ಯೇಕ. ಬೇಸಿಗೆಯ ಕೋರ್ಸುಗಳಿಗೆ ಅರ್ಜಿಯ ಗಡುವು ಸಾಮಾನ್ಯವಾಗಿ ಮಾರ್ಚ್ ಮಧ್ಯಕ್ಕೆ ಮುಗಿಯುತ್ತದೆ.

ಎರಡನೆಯದು ವಿದೇಶೀಯರಿಗೆಂದೇ ರೂಪಿಸಿದ ಸ್ವತಂತ್ರ ಬೇಸಿಗೆ ಕೋರ್ಸುಗಳು. 1477ರಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾದ ಉಪ್ಸಾಲದಲ್ಲಿ ಇಂಥ ಅಂತರರಾಷ್ಟ್ರೀಯ ಬೇಸಿಗೆ ಕೋರ್ಸಿಗೆ ಹಲವು ದಶಕಗಳ ಹೆಸರಿದೆ. ಬೆಳಗ್ಗೆ ಭಾಷಾ ಪಾಠ, ಮಧ್ಯಾಹ್ನ ಸಾಹಿತ್ಯ, ಇತಿಹಾಸ, ಸಮಾಜದ ಕುರಿತ ಉಪನ್ಯಾಸ, ವಾರಾಂತ್ಯಕ್ಕೆ ಪ್ರವಾಸ ಎಂಬುದು ಇಂಥ ಕೋರ್ಸುಗಳ ರೂಢಿಯ ಚೌಕಟ್ಟು. ಮೂರನೆಯದು ಫೋಲ್ಕ್‌ಯೂನಿವರ್ಸಿತೇತೆಟ್‌ನಂಥ ವಯಸ್ಕರ ಶಿಕ್ಷಣ ಸಂಘಗಳ ತೀವ್ರ ಕೋರ್ಸುಗಳು. ಹೆಸರಿನಲ್ಲಿ ವಿಶ್ವವಿದ್ಯಾಲಯವೆಂದು ಧ್ವನಿಸಿದರೂ ಇದು ವಿಶ್ವವಿದ್ಯಾಲಯವಲ್ಲ. ಇಲ್ಲಿ ಸಿಗುವುದು ಪ್ರಮಾಣಪತ್ರವೇ ಹೊರತು ಅಂಕವಲ್ಲ. ಸ್ಟಾಕ್‌ಹೋಮ್, ಗೋಥೆನ್‌ಬರ್ಗ್, ಲುಂಡ್ ಮುಂತಾದ ಊರುಗಳಲ್ಲಿ ಶಾಖೆಗಳಿದ್ದು, ಎಲ್ಲ ಮಟ್ಟದವರಿಗೂ ತರಗತಿಗಳಿರುತ್ತವೆ. ಸಹಪಾಠಿಗಳಲ್ಲಿ ವಿದ್ಯಾರ್ಥಿಗಳಿಗಿಂತ ಉದ್ಯೋಗಸ್ಥರೇ ಹೆಚ್ಚಿರುವುದರಿಂದ ಮಾತಿನ ವಿಷಯಗಳೂ ಬೇರೆಯಾಗಿರುತ್ತವೆ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು: ಫೋಲ್ಕ್‌ಹೋಗ್‌ಸ್ಕೂಲಾ, ಅಂದರೆ ಜನಪದ ಪ್ರೌಢ ವಿದ್ಯಾಲಯ. ಡೆನ್ಮಾರ್ಕಿನ ಚಿಂತಕ ಗ್ರುಂಡ್‌ಟ್ವಿಗ್ ಅವರ ವಿಚಾರದಿಂದ ಹುಟ್ಟಿದ ಈ ಶಾಲೆಗಳು ಸ್ವೀಡನ್ನಿನಲ್ಲಿ 1868ರಲ್ಲಿ, ರೈತ ಯುವಕರಿಗಾಗಿ ಆರಂಭವಾದವು. ಈಗ ಅವುಗಳ ಸಂಖ್ಯೆ 150ಕ್ಕೂ ಹೆಚ್ಚು. ಹಲವು ಹಳ್ಳಿಗಾಡಿನಲ್ಲಿವೆ, ಆವರಣದಲ್ಲೇ ವಸತಿಯಿದೆ, ಊಟ ಒಂದೇ ಭೋಜನಶಾಲೆಯಲ್ಲಿ. ಹೊರದೇಶಗಳ ವಿಶ್ವವಿದ್ಯಾಲಯಗಳಲ್ಲಿ ಸ್ವೀಡಿಷ್ ಓದುತ್ತಿರುವವರಿಗೆ ಸ್ವೀಡಿಷ್ ಇನ್‌ಸ್ಟಿಟ್ಯೂಟ್ ಏರ್ಪಡಿಸುವ ಬೇಸಿಗೆ ಕೋರ್ಸುಗಳು ಇಂಥ ಶಾಲೆಗಳಲ್ಲಿ ನಡೆಯುತ್ತ ಬಂದಿವೆ. ಜರ್ಮನಿಯಲ್ಲೋ ಅಮೆರಿಕದಲ್ಲೋ ಓದುತ್ತ ಸ್ವೀಡಿಷ್ ಅನ್ನು ಐಚ್ಛಿಕವಾಗಿ ತೆಗೆದುಕೊಂಡ ಕನ್ನಡಿಗ ವಿದ್ಯಾರ್ಥಿಗಳು ತಮ್ಮ ವಿಭಾಗದ ಅಧ್ಯಾಪಕರನ್ನು ಚಳಿಗಾಲದಲ್ಲೇ ಕೇಳಿಟ್ಟುಕೊಳ್ಳಬೇಕು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ, ಸಂಜೆ ಕೆರೆಯಲ್ಲಿ ಈಜಲು ಹೋದಾಗ, ಕಾಫಿ ಲೋಟ ತೊಳೆದಿಡುವಾಗ ಭಾಷೆ ತಾನಾಗಿ ಬಳಕೆಗೆ ಬರುವ ಸ್ಥಳ ಇದು. ನಗರದಲ್ಲಿ ಒಂಟಿಯಾಗಿ ಕೋಣೆ ಹಿಡಿದವರಿಗೆ ಈ ಅವಕಾಶ ಸಿಗುವುದಿಲ್ಲ.

ಅಮೆರಿಕದಲ್ಲಿರುವ ಕನ್ನಡಿಗರ ಮಕ್ಕಳಿಗಾದರೆ ಮಿನೆಸೋಟದಲ್ಲಿ ಕಾಂಕಾರ್ಡಿಯ ಭಾಷಾ ಗ್ರಾಮಗಳ ಪೈಕಿ 'ಶೋಲುಂಡೆನ್' ಎಂಬ ಸ್ವೀಡಿಷ್ ಬೇಸಿಗೆ ಶಿಬಿರವೂ ಇದೆ. ಸ್ವೀಡನ್ನಿಗೆ ಹೋಗುವ ಮುಂಚಿನ ತಯಾರಿಯಾಗಿ ಅದು ಚೆನ್ನ.

ಯಾವ ಊರು, ಯಾವ ವಾರಗಳು

ಸ್ಟಾಕ್‌ಹೋಮ್‌ನಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ. ಆದರೆ ಬಾಡಿಗೆ ದುಬಾರಿ, ಎದುರಾಗುವವರಲ್ಲಿ ಪ್ರವಾಸಿಗರೇ ಹೆಚ್ಚು. ಉಪ್ಸಾಲ ಮತ್ತು ಲುಂಡ್ ವಿದ್ಯಾರ್ಥಿಗಳ ಊರುಗಳು, ಬೇಸಿಗೆಯಲ್ಲಿ ಅವರು ಮನೆಗೆ ಹೋಗುವುದರಿಂದ ಕೋಣೆಗಳು ಸಿಗುತ್ತವೆ. ಲುಂಡ್ ಇರುವ ಸ್ಕೋನೆ ಪ್ರಾಂತದ ಉಚ್ಚಾರಣೆ ಬೇರೆಯೇ. ಪಠ್ಯದ ಧ್ವನಿಮುದ್ರಣಗಳಲ್ಲಿ ಕೇಳಿದ ಸ್ವೀಡಿಷ್ ಅಲ್ಲಿನ ಬೀದಿಯಲ್ಲಿ ಕೇಳಿಬರುವುದಿಲ್ಲ. ಆರಂಭಿಕರಿಗೆ ಇದು ಗೊಂದಲ, ಬಿ1 ದಾಟಿದವರಿಗೆ ಇದೇ ಸೊಗಸು. ಲುಂಡ್‌ಗೆ ಹೋಗುವವರು ಕೋಪನ್‌ಹೇಗನ್ ವಿಮಾನ ನಿಲ್ದಾಣದಲ್ಲಿ ಇಳಿದು ಸೇತುವೆಯ ಮೇಲಿನ ರೈಲಿನಲ್ಲಿ ಹೋಗುವುದು ಹತ್ತಿರದ ದಾರಿ.

ದಿನಾಂಕಗಳ ವಿಷಯದಲ್ಲಿ ನನ್ನ ಸಲಹೆ ಹೀಗಿದೆ: ಆಯ್ಕೆಯಿದ್ದರೆ ಜೂನ್ ಮಧ್ಯದಿಂದ ಜುಲೈ ಆರಂಭದವರೆಗೆ, ಇಲ್ಲವೇ ಆಗಸ್ಟ್‌ನಲ್ಲಿ ಹೋಗಿ. ಜೂನ್‌ನಲ್ಲಿ ಮಿಡ್‌ಸೊಮ್ಮರ್ ಹಬ್ಬ ಸಿಗುತ್ತದೆ. ಆಗಸ್ಟ್‌ನಲ್ಲಿ ಜನ ರಜೆ ಮುಗಿಸಿ ಮರಳಿರುತ್ತಾರೆ, ಗ್ರಂಥಾಲಯಗಳ ಚಟುವಟಿಕೆ ಮತ್ತೆ ಆರಂಭವಾಗುತ್ತದೆ. ಜುಲೈ ಒಂದೇ ಸಾಧ್ಯವೆಂದಾದರೆ ನಗರವನ್ನು ಬಿಟ್ಟು ವಸತಿ ಶಾಲೆಯನ್ನು ಆರಿಸಿ. ಕೋರ್ಸಿನ ಪ್ರಕಟಣೆಗಳಲ್ಲಿ ದಿನಾಂಕದ ಬದಲು '27ನೇ ವಾರದಿಂದ 30ನೇ ವಾರ' ಎಂದು ಬರೆದಿರುವುದುಂಟು. ಸ್ವೀಡನ್ನಿನಲ್ಲಿ ವರ್ಷದ ವಾರಗಳನ್ನು ಎಣಿಸಿ ಹೇಳುವುದೇ ರೂಢಿಯಾದ್ದರಿಂದ ಫೋನಿನ ಕ್ಯಾಲೆಂಡರಿನಲ್ಲಿ ವಾರದ ಸಂಖ್ಯೆ ಕಾಣುವಂತೆ ಈಗಲೇ ಮಾಡಿಕೊಳ್ಳಿ.

ವೀಸಾ

90 ದಿನಗಳೊಳಗಿನ ಕೋರ್ಸಿಗೆ ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಬೇಕಾದದ್ದು ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ಅಲ್ಪಾವಧಿ ವೀಸಾ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಹದಿನೈದು ದಿನಗಳ ಮುಂಚಿನವರೆಗೆ ಸಲ್ಲಿಸಬಹುದು. ಹದಿನೈದು ದಿನ ಎಂಬುದನ್ನು ನಂಬಿ ಕೂರಬೇಡಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಡೀ ಭಾರತವೇ ಯುರೋಪಿಗೆ ಹೊರಟಂತೆ ಸಂದರ್ಶನದ ಸಮಯಕ್ಕೆ ಪೈಪೋಟಿ ಇರುತ್ತದೆ. ಮಾರ್ಚ್‌ನಲ್ಲೇ ಮುಗಿಸುವುದು ಕ್ಷೇಮ. ಬೆಂಗಳೂರಿನ ವಿಎಫ್‌ಎಸ್ ಕೇಂದ್ರ ಅರ್ಜಿ, ಬೆರಳಚ್ಚುಗಳನ್ನು ಸ್ವೀಕರಿಸುತ್ತದೆಯಷ್ಟೆ. ತೀರ್ಮಾನ ಸ್ವೀಡನ್ನಿನ ಅಧಿಕಾರಿಗಳದ್ದು. ವಯಸ್ಕರ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೊ ಆಗಿದ್ದು, ವಿಎಫ್‌ಎಸ್ ಸೇವಾ ಶುಲ್ಕ ಪ್ರತ್ಯೇಕ.

ಪಾಸ್‌ಪೋರ್ಟ್ ಕಳೆದ ಹತ್ತು ವರ್ಷಗಳೊಳಗೆ ಕೊಟ್ಟದ್ದಾಗಿರಬೇಕು, ಹಿಂದಿರುಗುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟಗಳಿರಬೇಕು. ವೈದ್ಯಕೀಯ ವಿಮೆಯ ಮೊತ್ತ ಕನಿಷ್ಠ 30,000 ಯೂರೊ. ಇವುಗಳ ಜೊತೆಗೆ ಕೋರ್ಸಿನ ಪ್ರವೇಶಪತ್ರ, ಶುಲ್ಕ ಕಟ್ಟಿದ ರಸೀದಿ, ಎಲ್ಲ ದಿನಗಳ ವಸತಿಯ ದಾಖಲೆ, ಬ್ಯಾಂಕ್ ವಿವರ, ಉದ್ಯೋಗದಲ್ಲಿದ್ದರೆ ರಜೆಯ ಪತ್ರ, ಹಿಂದಿರುಗುವ ಟಿಕೆಟ್ಟಿನ ಕಾಯ್ದಿರಿಕೆ. ಅಧಿಕಾರಿಗೆ ಮನವರಿಕೆಯಾಗಬೇಕಾದದ್ದು ಎರಡು ಸಂಗತಿಗಳು: ಇಷ್ಟು ದಿನ ಇರುವುದಕ್ಕೆ ಕಾರಣವಿದೆ, ಮುಗಿದ ಮೇಲೆ ಮರಳುತ್ತೀರಿ. ಹಾಗಾಗಿ ಜೊತೆಗಿಡುವ ಪತ್ರದಲ್ಲಿ ಸ್ವೀಡಿಷ್ ಏಕೆ, ಈ ಕೋರ್ಸೇ ಏಕೆ, ಈವರೆಗೆ ಏನು ಕಲಿತಿದ್ದೀರಿ ಎಂಬುದನ್ನು ಒಂದು ಪುಟದಲ್ಲಿ ನೇರವಾಗಿ ಬರೆಯಿರಿ. ಆನ್‌ಲೈನ್ ಕೋರ್ಸು ಮುಗಿಸಿದ್ದಕ್ಕೆ ದಾಖಲೆಯಿದ್ದರೆ ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ವೀಸಾ ನಿರಾಕರಿಸಿದರೆ ಶುಲ್ಕ ಎಷ್ಟು ಮರಳುತ್ತದೆ ಎಂಬ ನಿಯಮವನ್ನು ಕೋರ್ಸಿಗೆ ಹಣ ಕಟ್ಟುವ ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ.

ಯಾವುದೇ 180 ದಿನಗಳಲ್ಲಿ 90 ದಿನ ಎಂಬ ಮಿತಿಯಲ್ಲಿ ಬಂದ ದಿನವೂ ಹೋದ ದಿನವೂ ಸೇರುತ್ತವೆ. ಅದೇ ವರ್ಷ ಷೆಂಗೆನ್‌ನ ಬೇರೆ ದೇಶಕ್ಕೆ ಹೋಗಿದ್ದರೆ ಅದನ್ನೂ ಎಣಿಸಬೇಕು. ಜರ್ಮನಿ, ನೆದರ್ಲೆಂಡ್ಸ್ ಮುಂತಾದ ಷೆಂಗೆನ್ ದೇಶಗಳ ವಾಸದ ಪರವಾನಗಿ ಇರುವ ಕನ್ನಡಿಗರಿಗೆ ಈ ಅವಧಿಗೆ ಪ್ರತ್ಯೇಕ ವೀಸಾ ಬೇಡ. ಬ್ರಿಟನ್ನಿನಲ್ಲಿರುವವರಿಗೆ ಬೇಕು.

ಹೊರಡುವ ಮುಂಚಿನ ತಿಂಗಳುಗಳು: ಕಿವಿ ಮತ್ತು ನಾಲಿಗೆ

ಕನ್ನಡಿಗರಿಗೆ ಸ್ವೀಡಿಷ್ ಉಚ್ಚಾರಣೆಯಲ್ಲಿ ಹುಟ್ಟಿನಿಂದಲೇ ಬಂದ ಕೆಲವು ಅನುಕೂಲಗಳಿವೆ. ಇಂಗ್ಲಿಷರಿಗಾಗಿ ಬರೆದ ಪಠ್ಯಗಳು ಇವನ್ನು ಹೇಳುವುದಿಲ್ಲ. ಮೊದಲನೆಯದು ಹ್ರಸ್ವ–ದೀರ್ಘ. ಸ್ವೀಡಿಷ್‌ನಲ್ಲಿ ಒತ್ತುಳ್ಳ ಅಕ್ಷರದ ಸ್ವರ ದೀರ್ಘವಾದರೆ ಮುಂದಿನ ವ್ಯಂಜನ ಹ್ರಸ್ವ, ಸ್ವರ ಹ್ರಸ್ವವಾದರೆ ವ್ಯಂಜನ ದ್ವಿತ್ವ. 'ವೇಗ್' ಎಂದರೆ ದಾರಿ, 'ವೆಗ್ಗ್' ಎಂದರೆ ಗೋಡೆ. 'ತಾಕ್' ಛಾವಣಿ, 'ತಕ್ಕ್' ಧನ್ಯವಾದ. 'ಹಾಲು', 'ಹಲ್ಲು'ಗಳನ್ನು ಚಿಕ್ಕಂದಿನಿಂದ ಬೇರೆ ಮಾಡಿ ನುಡಿದವರಿಗೆ ಇದು ಹೊಸದಲ್ಲ. ಎರಡನೆಯದು ಟ, ಡ, ಣ, ಷಗಳಂಥ ಮೂರ್ಧನ್ಯಗಳು. ಮಧ್ಯ ಸ್ವೀಡನ್ನಿನ ನುಡಿಯಲ್ಲಿ ರಕಾರದ ನಂತರ ತ, ದ, ನ, ಸ ಬಂದರೆ ಎರಡೂ ಕೂಡಿ ಮೂರ್ಧನ್ಯವಾಗುತ್ತವೆ. ಮಗು ಎಂಬರ್ಥದ ಪದವನ್ನು ಬರೆಯುವುದು 'ಬಾರ್ನ್' ಎಂದು, ನುಡಿಯುವುದು 'ಬಾಣ್' ಎಂದು, ನಕ್ಷೆ ಬರಹದಲ್ಲಿ 'ಕಾರ್ತಾ', ಬಾಯಲ್ಲಿ 'ಕಾಟಾ', ಮೇಜು 'ಬೂಡ್'. ಜರ್ಮನರೂ ಫ್ರೆಂಚರೂ ವಾರಗಟ್ಟಲೆ ಒದ್ದಾಡುವ ಈ ಧ್ವನಿಗಳು ನಮಗೆ ವರ್ಣಮಾಲೆಯ ಟ-ವರ್ಗ. ಬರಿಯ ತ, ದ, ನಗಳೂ ನಮ್ಮಂತೆ ಹಲ್ಲಿಗೆ ತಾಗುವ ದಂತ್ಯಗಳೇ ಆದ್ದರಿಂದ ಇಂಗ್ಲಿಷಿನ ಅಭ್ಯಾಸದಲ್ಲಿ ಟ, ಡ ಎನ್ನದೆ ತ, ದ ಎನ್ನಿ. ಸ್ಕೋನೆಯಲ್ಲಿಯೂ ಫಿನ್‌ಲೆಂಡಿನ ಸ್ವೀಡಿಷ್‌ನಲ್ಲಿಯೂ ಈ ಮೂರ್ಧನ್ಯ ರೂಢಿ ಇಲ್ಲವೆಂಬುದು ನೆನಪಿರಲಿ.

ಕಷ್ಟವಿರುವುದು ಬೇರೆಡೆ. ಸ್ವೀಡಿಷ್ ವರ್ಣಮಾಲೆಯ 29 ಅಕ್ಷರಗಳಲ್ಲಿ ಒಂಬತ್ತು ಸ್ವರಗಳು. ಅವುಗಳಲ್ಲಿ ಮೂರು ನಮ್ಮ ಬಾಯಿಗೆ ಹೊಸವು. 'ಈ' ಎನ್ನುತ್ತಲೇ ತುಟಿಗಳನ್ನು ದುಂಡಗೆ ಮಾಡಿದರೆ ಒಂದು ಸ್ವರ, 'ಏ' ಎನ್ನುತ್ತ ಹಾಗೆಯೇ ಮಾಡಿದರೆ ಇನ್ನೊಂದು. 'ಊ'ಕಾರಕ್ಕೂ ಮೊದಲನೆಯದಕ್ಕೂ ನಡುವೆ ಎಲ್ಲೋ ಇರುವುದು ಮೂರನೆಯದು. ಏಳು ಎಂಬ ಸಂಖ್ಯೆಯ ಮೊದಲ ಧ್ವನಿಯಂತೂ ಕನ್ನಡ ಲಿಪಿಗೆ ಸಿಕ್ಕುವಂಥದ್ದಲ್ಲ, ಕೇಳಿ ಅನುಕರಿಸಬೇಕು. ಇನ್ನು ಪದಗಳಿಗೆ ಎರಡು ಬಗೆಯ ಏರಿಳಿತವಿದೆ: 'ಅಂದೆನ್' ಎಂಬುದು ಒಂದು ರಾಗದಲ್ಲಿ ಆ ಬಾತುಕೋಳಿ, ಇನ್ನೊಂದರಲ್ಲಿ ಆ ಆತ್ಮ. ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ. ಪದವನ್ನು ರಾಗಸಮೇತ ಕಲಿತರೆ ಸಾಕು. ತಪ್ಪಿದರೂ ಸಂದರ್ಭ ಅರ್ಥವನ್ನು ಕಾಯುತ್ತದೆ.

ವ್ಯಾಕರಣದಲ್ಲಿ ಕ್ರಿಯಾಪದ ಸುಲಭ. 'ಹೋಗುತ್ತೇನೆ, ಹೋಗುತ್ತಾಳೆ, ಹೋಗುತ್ತವೆ' ಎಂಬ ಭೇದಗಳೆಲ್ಲ 'ಗೋರ್' ಎಂಬ ಒಂದೇ ರೂಪದಲ್ಲಿ ಮುಗಿಯುತ್ತವೆ. ಕಾರು 'ಬೀಲ್', ಆ ಕಾರು 'ಬೀಲೆನ್' ಎಂಬಂತೆ ನಿಶ್ಚಿತತೆಯು ಪದದ ಕೊನೆಗೆ ಪ್ರತ್ಯಯವಾಗಿ ಅಂಟುವುದು ವಿಭಕ್ತಿಗಳನ್ನು ಅಂಟಿಸಿಯೇ ಮಾತನಾಡುವ ನಮಗೆ ಸಹಜ. ಎಡವುವುದು ಪದಗಳ ಕ್ರಮದಲ್ಲಿ. ಕ್ರಿಯಾಪದ ಕೊನೆಗೆ ಬರುವ ಭಾಷೆಯಿಂದ ಬಂದವರು, ಹೇಳಿಕೆಯ ವಾಕ್ಯದಲ್ಲಿ ಕ್ರಿಯಾಪದ ಎರಡನೆಯ ಸ್ಥಾನದಲ್ಲೇ ಇರಬೇಕೆಂಬ ನಿಯಮಕ್ಕೆ ಒಗ್ಗಬೇಕು. 'ಇದಾಗ್ ಲೇಸೆರ್ ಯಾ ಸ್ವೆನ್ಸ್ಕಾ', ಅಂದರೆ 'ಇಂದು ಓದುತ್ತೇನೆ ನಾನು ಸ್ವೀಡಿಷ್'. 'ಇಂದು', 'ನಾಳೆ', 'ಇಲ್ಲಿ' ಎಂದು ಆರಂಭವಾಗುವ ವಾಕ್ಯಗಳನ್ನು ದಿನಕ್ಕೆ ಹತ್ತರಂತೆ ಗಟ್ಟಿಯಾಗಿ ಹೇಳುವುದೊಂದೇ ಮದ್ದು. ಗಂಟೆ ಹೇಳುವುದರಲ್ಲಿಯೂ ಎಡವುವ ಜಾಗವೊಂದಿದೆ: 'ಹಾಲ್ವ್ ತ್ರೇ' ಎಂದರೆ ಅಕ್ಷರಶಃ ಅರ್ಧ ಮೂರು, ಆದರೆ ಅದು ಎರಡೂವರೆ, ಮೂರೂವರೆಯಲ್ಲ.

ಕೇಳುವುದಕ್ಕೆ ಸ್ವೀಡಿಷ್ ರೇಡಿಯೊ ಇದೆ, ಓದುವುದಕ್ಕೆ ಸರಳ ಸ್ವೀಡಿಷ್‌ನ ಸುದ್ದಿಪತ್ರಿಕೆ 'ಒಟ್ಟಾ ಸೀದೋರ್' ಇದೆ. ಬಿ1ಕ್ಕೆ ಬಂದವರು 1959ರಿಂದ ಪ್ರತಿ ಬೇಸಿಗೆಯಲ್ಲೂ ಪ್ರಸಾರವಾಗುತ್ತಿರುವ 'ಸೊಮ್ಮರ್' ಎಂಬ ರೇಡಿಯೊ ಕಾರ್ಯಕ್ರಮವನ್ನು ಕೇಳಬೇಕು. ದಿನಕ್ಕೊಬ್ಬ ಅತಿಥಿ ತನ್ನ ಬದುಕಿನ ಕಥೆಯನ್ನು ನಡುನಡುವೆ ಹಾಡು ಹಾಕುತ್ತ ಹೇಳುತ್ತಾನೆ. ಒಬ್ಬರೇ ದೀರ್ಘವಾಗಿ, ತಯಾರಿ ಮಾಡಿಕೊಂಡು ಮಾತನಾಡುವುದರಿಂದ ಸಂಭಾಷಣೆಗಿಂತ ಹಿಡಿಯುವುದು ಸುಲಭ. ಜೊತೆಗೆ ಆ ವಾರ ಅಲ್ಲಿನವರು ಕಾಫಿಯ ಹೊತ್ತಿನಲ್ಲಿ ಚರ್ಚಿಸುವ ವಿಷಯವೂ ನಿಮಗೆ ಗೊತ್ತಿರುತ್ತದೆ.

ವಸತಿ, ಹಣ, ಊಟ

ಹಂಚಿಕೊಂಡ ಅಡುಗೆಮನೆಯುಳ್ಳ ವಿದ್ಯಾರ್ಥಿ ನಿವಾಸವೇ ಖರ್ಚಿಗೂ ಕಲಿಕೆಗೂ ಒಳ್ಳೆಯದು. ಕೋರ್ಸಿನವರೇ ವಸತಿ ಕೊಟ್ಟರೆ ತುಸು ಹೆಚ್ಚಾದರೂ ಒಪ್ಪಿಕೊಳ್ಳಿ; ಅಪರಿಚಿತರ ಖಾತೆಗೆ ಮುಂಗಡ ಕಳುಹಿಸಿ ಕೋಣೆ ಹಿಡಿಯಬೇಡಿ. ನಗದು ಬಹುತೇಕ ಬಳಕೆಯಲ್ಲಿಲ್ಲ, ಬಸ್ಸುಗಳೂ ಅನೇಕ ಕಾಫಿ ಅಂಗಡಿಗಳೂ ನೋಟು ಮುಟ್ಟುವುದಿಲ್ಲ. ಅಲ್ಲಿನವರು ಫೋನಿನಲ್ಲಿ ಹಣ ಕಳುಹಿಸಲು ಬಳಸುವ 'ಸ್ವಿಶ್' ಅಲ್ಲಿನ ಬ್ಯಾಂಕ್ ಖಾತೆಯಿಲ್ಲದವರಿಗೆ ಸಿಗದು. ಆದ್ದರಿಂದ ವಿದೇಶಿ ವ್ಯವಹಾರಕ್ಕೆ ತೆರೆದ ಎರಡು ಕಾರ್ಡುಗಳು ಇರಲಿ.

ಸಸ್ಯಾಹಾರಿಗಳಿಗೆ ಮೊದಲಿನಷ್ಟು ತೊಂದರೆಯಿಲ್ಲ. ಶಾಲೆ, ಕ್ಯಾಂಟೀನುಗಳಲ್ಲಿ 'ವೆಗೆತಾರಿಸ್ಕ್' ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ಅರ್ಜಿಯಲ್ಲೇ ತಿಳಿಸಿ, ಮೊಟ್ಟೆ, ಮೀನುಗಳ ವಿಷಯವನ್ನು ಬಿಡಿಸಿ ಬರೆಯಿರಿ. ಹೊರಗೆ ತಿನ್ನುವುದಾದರೆ ವಾರದ ದಿನಗಳಲ್ಲಿ ಹನ್ನೊಂದರಿಂದ ಎರಡರವರೆಗಿನ ದಿನದ ಊಟ ಅಗ್ಗ. ಅನ್ನಕ್ಕೆ ಕಲಸಿಕೊಳ್ಳಲು 'ಫಿಲ್‌ಮ್ಯೋಲ್ಕ್' ಎಂಬ ಹುಳಿ ಹಾಲು ನಮ್ಮ ಕಡೆದ ಮೊಸರಿಗೆ ಸಾಕಷ್ಟು ಹತ್ತಿರ. ಹುಲ್ಲುಗಾವಲು, ಕಾಡುಗಳಲ್ಲಿ ರಕ್ತ ಹೀರುವ ಉಣ್ಣೆಹುಳುಗಳಿದ್ದು, ಸ್ಟಾಕ್‌ಹೋಮ್ ಸುತ್ತಲಿನ ದ್ವೀಪಗಳಲ್ಲಿಯೂ ಮೆಲಾರೆನ್ ಸರೋವರದ ಸುತ್ತಲೂ ಅವು ಮಿದುಳಿನ ಉರಿಯೂತದ ಸೋಂಕನ್ನು ಹರಡಬಲ್ಲವು. ಇದಕ್ಕೆ ಲಸಿಕೆಯಿದೆ, ವೈದ್ಯರನ್ನು ಕೇಳಿ. ಸಂಜೆ ಮೈ ಪರೀಕ್ಷಿಸಿಕೊಳ್ಳಿ. ಜೂನ್‌ನಲ್ಲಿ ಸ್ಟಾಕ್‌ಹೋಮ್‌ನ ಸೂರ್ಯ ಬೆಳಗಿನ ಮೂರೂವರೆಗೆ ಹುಟ್ಟಿ ರಾತ್ರಿ ಹತ್ತಕ್ಕೆ ಮುಳುಗುತ್ತಾನೆ. ಕಣ್ಣುಪಟ್ಟಿ ಒಯ್ಯದಿದ್ದರೆ ತರಗತಿಯಲ್ಲಿ ತೂಕಡಿಕೆ ಖಾತರಿ.

ತರಗತಿಯ ಒಳಗೂ ಹೊರಗೂ

ಉಪ್ಸಾಲ, ಲುಂಡ್‌ಗಳ ವಿಶ್ವವಿದ್ಯಾಲಯದ ಸಂಪ್ರದಾಯದಂತೆ ಹತ್ತು ಗಂಟೆಯ ಪಾಠ ಹತ್ತೂಕಾಲಿಗೆ ಆರಂಭವಾಗುತ್ತದೆ. ಇದಕ್ಕೆ ಶೈಕ್ಷಣಿಕ ಕಾಲುಗಂಟೆ ಎನ್ನುತ್ತಾರೆ. ಬೇರೆ ಯಾವುದಕ್ಕೂ ಈ ರಿಯಾಯಿತಿಯಿಲ್ಲ, ಆರಕ್ಕೆ ಊಟಕ್ಕೆ ಕರೆದರೆ ಆರಕ್ಕೇ ಹೋಗಬೇಕು. ಅಧ್ಯಾಪಕರನ್ನು ಹೆಸರು ಹಿಡಿದು ಏಕವಚನದಲ್ಲಿ ಮಾತನಾಡಿಸಬೇಕೆಂಬುದು ಸರ್, ಮೇಡಂ ಎನ್ನುತ್ತ ಬೆಳೆದವರಿಗೆ ಗಂಟಲಲ್ಲಿ ಸಿಕ್ಕುತ್ತದೆ. 1960ರ ದಶಕದ ಕೊನೆಯವರೆಗೂ ಸ್ವೀಡನ್ನಿನಲ್ಲಿಯೂ ಹುದ್ದೆ ಹೇಳಿ ಸಂಬೋಧಿಸುವ ಜಟಿಲ ಪದ್ಧತಿಯಿತ್ತು. 1967ರಲ್ಲಿ ವೈದ್ಯಕೀಯ ಇಲಾಖೆಯ ಮುಖ್ಯಸ್ಥರಾದ ಬ್ರೂರ್ ರೆಕ್ಸೆಡ್, ತಾವು ಎಲ್ಲರನ್ನೂ 'ದೂ', ಅಂದರೆ 'ನೀನು' ಎಂದೇ ಕರೆಯುವುದಾಗಿ ಸಿಬ್ಬಂದಿಗೆ ಸಾರಿದ್ದು ಈ ಬದಲಾವಣೆಯ ಗುರುತಾಗಿ ಉಳಿದಿದೆ. ಗೌರವ ತೋರಿಸಲೆಂದು ನೀವು ಬಹುವಚನ ಬಳಸಿದರೆ ಅದು ದೂರ ಇಟ್ಟಂತೆ ಕೇಳಿಸುತ್ತದೆ.

ಇಂಗ್ಲಿಷಿಗೆ ಜಾರುವ ಎದುರಿನವರನ್ನು ತಡೆಯಲು ಒಂದು ವಾಕ್ಯವನ್ನು ನಗುತ್ತ ಹೇಳುವಷ್ಟು ರೂಢಿ ಮಾಡಿಕೊಳ್ಳಿ: 'ಕಾನ್ ವೀ ತಾ ದೇ ಪೋ ಸ್ವೆನ್ಸ್ಕಾ?' ಇದನ್ನು ಸ್ವೀಡಿಷ್‌ನಲ್ಲೇ ಹೇಳೋಣವೇ ಎಂದು ಇದರ ಅರ್ಥ. ಹೆಚ್ಚಿನವರು ಒಪ್ಪುತ್ತಾರೆ, ಅವರು ಇಂಗ್ಲಿಷಿಗೆ ಹೊರಳಿದ್ದು ನಿಮಗೆ ಅನುಕೂಲವಾಗಲೆಂದೇ. ಗಡಿಬಿಡಿಯ ಕೌಂಟರಿನಲ್ಲಿ ಇದನ್ನು ಪ್ರಯೋಗಿಸಬೇಡಿ. ಮಾತಿಗೆ ಬಿಡುವಿರುವ ಸ್ಥಳಗಳನ್ನು ಹುಡುಕಿ. ಗ್ರಂಥಾಲಯಗಳ ಉಚಿತ ಭಾಷಾ ಕೆಫೆಗಳಲ್ಲಿ ನಿವೃತ್ತರು ಕಾಯುತ್ತಲೇ ಇರುತ್ತಾರೆ, ಆದರೆ ಜುಲೈನಲ್ಲಿ ಹಲವು ಮುಚ್ಚಿರುತ್ತವೆ. ಹಳ್ಳಿಗಳ ಹಳೆಯ ತೋಟದಮನೆ ವಸ್ತುಸಂಗ್ರಹಗಳನ್ನು ಸ್ಥಳೀಯ ಸ್ವಯಂಸೇವಕರೇ ನೋಡಿಕೊಳ್ಳುತ್ತಾರೆ. ಒಂದು ಕಾಫಿ ಕೊಂಡು ಆ ನೂಲುವ ರಾಟೆ ಯಾರದೆಂದು ಕೇಳಿದರೆ ಅರ್ಧ ಗಂಟೆಯ ಸ್ವೀಡಿಷ್ ಪುಕ್ಕಟೆ.

ನಿವಾಸದ ಬಟ್ಟೆ ಒಗೆಯುವ ಕೋಣೆಯೂ ಒಂದು ಪಾಠಶಾಲೆ. ಅಲ್ಲಿ ಸಮಯವನ್ನು ಮುಂಚಿತವಾಗಿ ಕಾಯ್ದಿರಿಸಬೇಕು. ಕೆಲವೆಡೆ ಫಲಕದ ಮೇಲೆ ನಿಮ್ಮ ಸಂಖ್ಯೆಯ ಸಣ್ಣ ಬೀಗವನ್ನು ಆ ದಿನದ, ಆ ಗಂಟೆಯ ರಂಧ್ರಕ್ಕೆ ಸಿಕ್ಕಿಸಬೇಕು. ಹತ್ತು ನಿಮಿಷ ಮೀರಿದರೆ, ಡ್ರೈಯರಿನ ಜಾಲರಿಯಲ್ಲಿ ನಾರು ಬಿಟ್ಟರೆ, ಮರುದಿನ ಗೋಡೆಯ ಮೇಲೆ ಬಲು ಸೌಜನ್ಯದ ಭಾಷೆಯಲ್ಲಿ ಬರೆದ ಕೋಪದ ಚೀಟಿ ಕಾಣಿಸುತ್ತದೆ. ಮುಖಕ್ಕೆ ಮುಖ ಕೊಟ್ಟು ಜಗಳವಾಡದ ಸಮಾಜ ತನ್ನ ಅಸಮಾಧಾನವನ್ನು ಹೇಗೆ ಹೇಳುತ್ತದೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಠ್ಯವಿಲ್ಲ. ಮನೆಯೊಳಗೆ ಚಪ್ಪಲಿ ಕಳಚುವ ರೂಢಿಯನ್ನಂತೂ ನಮಗೆ ಯಾರೂ ಕಲಿಸಬೇಕಾಗಿಲ್ಲ.

ಸಂಸ್ಕೃತಿಯ ಕಲಿಕೆಗೆ ಬೇಸಿಗೆಯ ಪಂಚಾಂಗ

ಜೂನ್ 6 ರಾಷ್ಟ್ರೀಯ ದಿನ. 2005ರಿಂದಷ್ಟೇ ಸಾರ್ವಜನಿಕ ರಜೆ. ಜನರ ನಿಜವಾದ ಹಬ್ಬ ಮಿಡ್‌ಸೊಮ್ಮರ್. ಅದರ ಮುನ್ನಾದಿನವೇ ಮುಖ್ಯ ಆಚರಣೆ, ಅದು ಯಾವಾಗಲೂ ಜೂನ್ 19ರಿಂದ 25ರ ನಡುವಿನ ಶುಕ್ರವಾರ. ಎಲೆ, ಹೂಗಳಿಂದ ಸಿಂಗರಿಸಿದ ಕಂಬವನ್ನು ಎತ್ತಿ ನಿಲ್ಲಿಸಿ, ಅದರ ಸುತ್ತ ಮಕ್ಕಳು ಮುದುಕರೆನ್ನದೆ ಕೈಕೈ ಹಿಡಿದು ಕುಣಿಯುತ್ತಾರೆ. ಕಪ್ಪೆಗಳಂತೆ ಕುಪ್ಪಳಿಸುವ ಹಾಡೂ ಇದೆ, ಅಂಜದೆ ಕುಪ್ಪಳಿಸಿ. ಉಪ್ಪಿನಲ್ಲಿಟ್ಟ ಹೆರಿಂಗ್ ಮೀನು, ಸಬ್ಬಸಿಗೆ ಸೊಪ್ಪಿನೊಡನೆ ಬೇಯಿಸಿದ ಹೊಸ ಆಲೂಗಡ್ಡೆ, ಕೊನೆಗೆ ಸ್ಟ್ರಾಬೆರಿ. ಆ ದಿನ ಮಧ್ಯಾಹ್ನದ ನಂತರ ಊರೇ ಬಾಗಿಲು ಹಾಕಿದಂತಿರುತ್ತದೆ, ಬಸ್ಸುಗಳೂ ವಿರಳ. ಹಿಂದಿನ ದಿನವೇ ದಿನಸಿ ತಂದಿಟ್ಟುಕೊಂಡು, ಎಲ್ಲಿಗೆ ಹೋಗುವುದೆಂದು ನಿರ್ಧರಿಸಿರಬೇಕು. ದಾಲಾರ್ನಾ ಪ್ರಾಂತದ ಲೆಕ್ಸಾಂದ್‌ನ ಆಚರಣೆ ಹೆಸರುವಾಸಿ, ಸಾವಿರಾರು ಜನ ಸೇರುತ್ತಾರೆ, ವಸತಿ ತಿಂಗಳುಗಳ ಮೊದಲೇ ತುಂಬಿರುತ್ತದೆ. ಸ್ಟಾಕ್‌ಹೋಮ್‌ನಲ್ಲಿದ್ದರೆ 1891ರಲ್ಲಿ ಆರ್ತುರ್ ಹಸೇಲಿಯುಸ್ ಕಟ್ಟಿದ ಬಯಲು ವಸ್ತುಸಂಗ್ರಹಾಲಯ ಸ್ಕಾನ್ಸೆನ್ ಸಾಕು. ಸಹಪಾಠಿಯೊಬ್ಬರ ಪರಿಚಯದವರ ಹಳ್ಳಿಗೆ ಕರೆ ಬಂದರೆ ಎರಡನ್ನೂ ಬಿಟ್ಟು ಅಲ್ಲಿಗೆ ಹೋಗಿ.

ಬಿ2 ಮಟ್ಟದವರಿಗೆ ಗೋತ್‌ಲ್ಯಾಂಡ್ ದ್ವೀಪದ ವಿಸ್ಬಿಯಲ್ಲಿ ನಡೆಯುವ ಆಲ್ಮೆದಾಲೆನ್ ರಾಜಕೀಯ ವಾರ ಅಪೂರ್ವ ಅವಕಾಶ. 1968ರಲ್ಲಿ, ಮುಂದೆ ಪ್ರಧಾನಿಯಾದ ಊಲೋಫ್ ಪಾಲ್ಮೆ ಅಲ್ಲಿ ಲಾರಿಯೊಂದರ ಮೇಲೆ ನಿಂತು ಮಾಡಿದ ಭಾಷಣದಿಂದ ಬೆಳೆದ ಈ ಕೂಟದಲ್ಲಿ ಪಕ್ಷಗಳ ನಾಯಕರ ಮಾತನ್ನು ಯಾರು ಬೇಕಾದರೂ ಉಚಿತವಾಗಿ ಕೇಳಬಹುದು. ಆಗಸ್ಟ್‌ನಲ್ಲಿ ಸಿಗಡಿ ಜಾತಿಯ ಕ್ರೇಫಿಶ್ ಊಟದ ಕೂಟಗಳು, ಕಾಡಿನಲ್ಲಿ ಹಣ್ಣು, ಅಣಬೆಗಳ ಕಾಲ. ಖಾಸಗಿ ಕಾಡಿನಲ್ಲಿಯೂ ನಡೆದಾಡಿ ಹಣ್ಣು ಕೀಳುವ ಸಾರ್ವಜನಿಕ ಹಕ್ಕನ್ನು ಅಲ್ಲಿನ ಸಂವಿಧಾನವೇ ಉಲ್ಲೇಖಿಸುತ್ತದೆ. ಮನೆಯಂಗಳ, ಬೆಳೆಯ ಹೊಲಗಳಿಗೆ ಅದು ಅನ್ವಯಿಸದು. ಸಾಹಿತ್ಯಾಸಕ್ತರು 1909ರಲ್ಲಿ ನೊಬೆಲ್ ಪಡೆದ ಸೆಲ್ಮಾ ಲಾಗರ್‌ಲೋಫ್ ಅವರ ಮೋರ್‌ಬಕ್ಕಾ ಮನೆಗೆ ಹೋಗಬಹುದು. ಆ ಬಹುಮಾನವನ್ನು ಸಾಹಿತ್ಯಕ್ಕಾಗಿ ಪಡೆದ ಮೊದಲ ಮಹಿಳೆ ಅವರು. ಇಂಥ ಕಡೆ ಮಾರ್ಗದರ್ಶಕರ ಜೊತೆಗಿನ ಸುತ್ತಾಟವನ್ನು ಇಂಗ್ಲಿಷ್‌ನಲ್ಲಿ ಬೇಡ, ಸ್ವೀಡಿಷ್‌ನಲ್ಲೇ ಕೇಳಿ. ಹೋಗುವ ಮುಂಚೆ ವಿಷಯವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಓದಿಕೊಂಡಿದ್ದರೆ ಅರ್ಧ ಮಾತು ತಾನಾಗಿ ತಿಳಿಯುತ್ತದೆ.

ಮರಳುವ ಮೊದಲು

ಕೊನೆಯ ವಾರದಲ್ಲಿ ಗಂಟೆಗಳ ಸಂಖ್ಯೆ, ತಲುಪಿದ ಮಟ್ಟ, ಅಂಕಗಳಿದ್ದರೆ ಅಂಕ, ಇಷ್ಟೂ ನಮೂದಾಗಿರುವ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ. ಬರಿಯ ಭಾಗವಹಿಸುವಿಕೆಯ ಪತ್ರ ಮುಂದಿನ ಕೋರ್ಸಿಗೂ ಉದ್ಯೋಗಕ್ಕೂ ಪ್ರಯೋಜನಕ್ಕೆ ಬರುವುದಿಲ್ಲ. ಸ್ವೇಡೆಕ್ಸ್ ಬರೆಯುವ ಯೋಚನೆಯಿದ್ದರೆ ನಿಮ್ಮ ಮಾತನ್ನು ಕೇಳಿದ ಅಧ್ಯಾಪಕರನ್ನೇ ಯಾವ ಮಟ್ಟಕ್ಕೆ ಕೂರಬಹುದೆಂದು ಕೇಳಿ. ತರಗತಿಯಲ್ಲಿ ನಿಮ್ಮಷ್ಟೇ ಮಟ್ಟದ, ಇಂಗ್ಲಿಷ್ ಅಷ್ಟಾಗಿ ಬಾರದ ಒಬ್ಬ ಸಹಪಾಠಿಯನ್ನು ಗುರುತಿಸಿ, ವಾರಕ್ಕೊಮ್ಮೆ ಫೋನಿನಲ್ಲಿ ಸ್ವೀಡಿಷ್‌ನಲ್ಲೇ ಮಾತನಾಡುವ ದಿನ, ಗಂಟೆಗಳನ್ನು ವಿಮಾನ ಹತ್ತುವ ಮೊದಲೇ ನಿಗದಿ ಮಾಡಿಕೊಳ್ಳಿ. ಅಂಥವರು ಸಾಮಾನ್ಯವಾಗಿ ಪೋಲೆಂಡಿನವರೋ ಇಟಲಿಯವರೋ ಆಗಿರುತ್ತಾರೆ. ಬೇಸಿಗೆಯ ವೇಳೆ ಯುರೋಪಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದಿರುತ್ತದೆ, ಅಕ್ಟೋಬರ್ ಕೊನೆಯಿಂದ ನಾಲ್ಕೂವರೆ. ನಮ್ಮ ರಾತ್ರಿ ಒಂಬತ್ತೂವರೆ ಎಂದರೆ ಎರಡೂ ಕಾಲಗಳಲ್ಲಿ ಅವರಿಗೆ ಕೆಲಸ ಮುಗಿದ ಸಂಜೆಯ ಹೊತ್ತು.